ಎರಡು ಕೊಳವೆ, ಒಂದೂವರೆ ಕಣ್ಣು

ಮನೆಯಲ್ಲಿ ಯಾರೂ ಕೇಳದ ವಸ್ತುವೊಂದನ್ನು ಕೈತುಂಬ ದುಡ್ಡು ಸುರಿದು ತರುವುದು ಗಂಡಸರಿಗೆ ಐವತ್ತು ದಾಟಿದ ಮೇಲೆ ಬರುವ ಕಾಯಿಲೆ. ನಿಮಗೂ ಬಂದಿರುತ್ತದೆ, ಬಾರದಿದ್ದರೆ ದಾರಿಯಲ್ಲಿರುತ್ತದೆ. ಕೆಲವರಿಗೆ ಅದು ಟ್ರೆಡ್‌ಮಿಲ್ ರೂಪದಲ್ಲಿ ಬಂದು, ಒದ್ದೆ ಟವೆಲ್ ಒಣಗಿಸುವ ಸ್ಟ್ಯಾಂಡಾಗಿ ವಾಸಿಯಾಗುತ್ತದೆ. ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವರಿಗೆ ಕೊಳಲು ಬಂದಿತ್ತು; ಸೊಸೈಟಿಯ ಜನರಲ್ ಬಾಡಿಯಲ್ಲಿ ಠರಾವು ಪಾಸಾದ ಮೇಲೆ ಹೋಯಿತು. ನನಗೆ ಬಂದದ್ದು ಬೈನಾಕ್ಯುಲರ್.

ಸೋಂಕು ತಗಲಿದ್ದು ಲೋಕಲ್ ಟ್ರೇನಿನಲ್ಲಿ. ಡೊಂಬಿವಲಿಯಲ್ಲಿ ನಾನು ಬಾಗಿಲಿಗೆ ಜೋತುಬೀಳುವ ಹೊತ್ತಿಗೆ, ಕಲ್ಯಾಣದಿಂದಲೇ ಕಿಟಕಿ ಸೀಟು ಹಿಡಿದು ಕೂತು ಬರುವ ಗೆಳೆಯರೊಬ್ಬರಿದ್ದಾರೆ. ಕೂತವರಿಗೆ ಮಾತ್ರ ಸಾಧ್ಯವಾದ ಸಮಾಧಾನದಲ್ಲಿ ಅವರು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಪರದೆ ತುಂಬ ಗುಲಾಬಿ ಬಣ್ಣದ ಫ್ಲೆಮಿಂಗೊ. "ದಿನಾ ಖಾಡಿ ದಾಟಿ ಹೋಗಿ ಬರ್ತೀರಿ. ಒಂದಾದ್ರೂ ರಾಜಹಂಸ ನೋಡಿದ್ದುಂಟಾ?" ಅಂದರು.

"ದಿವಾದಿಂದ ಥಾಣೆಯವರೆಗೆ ಒಂಟಿ ಕಾಲಲ್ಲಿ ನಿಂತು ಬರುವವನು ನಾನೇ ಇರುವಾಗ ಬೇರೆ ರಾಜಹಂಸ ಯಾಕೆ?" ಅಂದೆ. ಎಲ್ಲರೂ ನಕ್ಕರು. ಆದರೆ ಮಾತು ಒಳಗೆ ಕೂತಿತು. ಆ ರಾತ್ರಿಯೇ ಓದಿ ತಿಳಿದುಕೊಂಡೆ. ನಮ್ಮ ಥಾಣೆ ಖಾಡಿಯ 1690 ಹೆಕ್ಟೇರ್ ಜಾಗವನ್ನು ಸರಕಾರ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದೆಯಂತೆ. 2022ರಲ್ಲಿ ಅದಕ್ಕೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಯಲ್ಲೂ ಜಾಗ ಸಿಕ್ಕಿದೆ. ಚಳಿಗಾಲ ಶುರುವಾಗುವಾಗ ಬಂದ ಹಕ್ಕಿಗಳು ಮಳೆಗಾಲದ ಹೊಸ್ತಿಲಿನವರೆಗೂ ಇರುತ್ತವೆ. ನಾನು ಮಾತ್ರ ಪೇಪರಿನಲ್ಲಿ ಮೆಗಾ ಬ್ಲಾಕಿನ ಸುದ್ದಿ ಬಿಟ್ಟು ಬೇರೇನೂ ಓದಿರಲಿಲ್ಲ. ಎದ್ದು, ಊರಿಂದ ತಂದಿಟ್ಟಿದ್ದ ತೇಜಸ್ವಿಯವರ 'ಹಕ್ಕಿಪುಕ್ಕ'ದ ಧೂಳು ಒರೆಸಿದೆ. ಅಷ್ಟಕ್ಕೇ ಅರ್ಧ ಪಕ್ಷಿತಜ್ಞನಾದ ಹಾಗಾಯಿತು. ಉಳಿದರ್ಧಕ್ಕೆ ಬೈನಾಕ್ಯುಲರ್ ಬೇಕಿತ್ತು.

ಕಣ್ಣಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಶಾಲೆಯಿಂದ ಹಿಡಿದು ಆಫೀಸಿನ ಮೆಡಿಕಲ್ಲಿನವರೆಗೆ ಕಣ್ಣಿನ ಪರೀಕ್ಷೆಯಲ್ಲಿ ಒಂದಕ್ಷರ ತಪ್ಪಿದವನಲ್ಲ. ಲೆಕ್ಕದಲ್ಲಿ ಕಳೆದುಕೊಂಡ ಮಾನವನ್ನು ಗೋಡೆಯ ಆ ಬೋರ್ಡಿನ ಮುಂದೆ ಬಡ್ಡಿ ಸಮೇತ ಗಳಿಸಿಕೊಂಡವನು ನಾನು. ಇಂಥ ಕಣ್ಣಿಗೆ ಇಂಥ ಯಂತ್ರ ಸೇರಿದರೆ ಹಕ್ಕಿಗಳ ಗತಿ ಏನು ಎಂದು ಕನಿಕರವೂ ಆಯಿತು.

ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮೆರಾ ಅಂಗಡಿಗಳ ಸಾಲೇ ಇದೆ. ಒಂದರೊಳಗೆ ಹೊಕ್ಕು, "10×50 ತೋರಿಸಿ" ಅಂದೆ. ದೊಡ್ಡ ಅಂಕೆ ಹೇಳಿದರೆ ಗಿರಾಕಿಗೆ ಗೌರವ ಎಂಬ ನಂಬಿಕೆ. ಅಂಗಡಿಯವರು ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು. ಅದರಿಂದ ಕೆಳಗೆ ಕೌಂಟರ್ ಅಡ್ಡ ಇತ್ತು. "ಸೇಠ್, ಹತ್ತು ಪಟ್ಟು ಹತ್ತಿರ ಬಂದರೆ ಕೈ ನಡುಕವೂ ಹತ್ತು ಪಟ್ಟು ಕಾಣ್ತದೆ. ನಿಮಗೆ 8×42 ಸಾಕು" ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದರು. ಎಂಟು ಎಂದರೆ ಎಂಟು ಪಟ್ಟು ದೊಡ್ಡದು. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಅಷ್ಟು ಮಿಲಿಮೀಟರ್ ದಪ್ಪದ ಬೆಳಕಿನ ಕಂಬ ಹಿಂದಿನಿಂದ ಹೊರಬಿದ್ದು ಕಣ್ಣಿಗೆ ಸೇರುತ್ತದೆ. "ಹುಡುಗರ ಕಣ್ಣಿನ ಪಾಪೆ ಕತ್ತಲಲ್ಲಿ ಏಳು ಮಿಲಿಮೀಟರ್‌ವರೆಗೂ ಅರಳ್ತದೆ. ವಯಸ್ಸಾದ ಹಾಗೆ ಅಷ್ಟು ಅರಳೋದಿಲ್ಲ. ನಿಮ್ಮ ಉಮರಿಗೆ ಐದು ಬಹಳ ಆಯ್ತು." ಅವಮಾನವನ್ನು ಇಷ್ಟು ಕರಾರುವಾಕ್ಕಾಗಿ ಯಾರೂ ನನಗೆ ಮಾಡಿರಲಿಲ್ಲ. ಕೊಂಡುಬಿಟ್ಟೆ.

ಮನೆಯಲ್ಲಿ ಬೆಲೆಯನ್ನು ಅರ್ಧ ಮಾಡಿ ಹೇಳಿದೆ. ಇವಳು ಅದನ್ನು ಎರಡರಿಂದ ಗುಣಿಸಿಕೊಂಡಳು. ನಮ್ಮ ದಾಂಪತ್ಯದಲ್ಲಿ ಈ ಲೆಕ್ಕ ಹಳೆಯದು, ನಿಮ್ಮಲ್ಲೂ ಇರಬಹುದು.

ಊಟದ ನಂತರ ಎಲ್ಲರನ್ನೂ ಕೂರಿಸಿ ಉಪನ್ಯಾಸ ಕೊಟ್ಟೆ. 1608ರಲ್ಲಿ ಹಾಲೆಂಡಿನಲ್ಲಿ ಕನ್ನಡಕ ಮಾಡುವ ಲಿಪ್ಪರ್ಶೇ ಎಂಬವನು ದೂರದರ್ಶಕ ಮಾಡಿ ಸರಕಾರದ ಮುಂದೆ ಪೇಟೆಂಟ್ ಕೇಳಲು ಹೋದ. ಅವರು ನೋಡಿ, ಮೆಚ್ಚಿ, "ಎರಡು ಕಣ್ಣಿಗೂ ಆಗುವ ಹಾಗೆ ಮಾಡಿಕೊಡು" ಅಂದರು.

"ಸರಕಾರ ಅಂದ್ರೆ ಹಾಗೇ" ಅಂದಳು ಇವಳು. "ಒಂದು ಫಾರ್ಮ್ ತಕೊಂಡು ಹೋದ್ರೆ ಎರಡು ಕೇಳ್ತಾರೆ."

ನಾನು ಬಿಡಲಿಲ್ಲ. 1611ರಲ್ಲಿ ಕೆಪ್ಲರ್ ಹೇಳಿದ ವಿಧಾನದಲ್ಲಿ ಎರಡೂ ಕಡೆ ಉಬ್ಬು ಗಾಜು ಹಾಕಿದರೆ ಚಿತ್ರ ದೊಡ್ಡದಾಗಿಯೂ ಚೊಕ್ಕವಾಗಿಯೂ ಕಾಣುತ್ತದೆ, ಆದರೆ ತಲೆಕೆಳಗಾಗಿ. ಅದನ್ನು ನೆಟ್ಟಗೆ ಮಾಡಲು 1854ರಲ್ಲಿ ಇಟಲಿಯ ಪೊರ್ರೋ ಎಂಬವನು ಪ್ರಿಸಮ್ಮುಗಳ ಉಪಾಯ ಕಂಡುಹಿಡಿದ. ಒಂದೊಂದು ಕೊಳವೆಯಲ್ಲಿ ಎರಡೆರಡು ಪ್ರಿಸಮ್. ಬೆಳಕು ಅವುಗಳೊಳಗೆ ನಾಲ್ಕು ಸಲ ಮುಗ್ಗರಿಸಿ ಹೊರಬರುವಾಗ ಮೇಲಿನದು ಮೇಲೆ, ಎಡದ್ದು ಎಡಕ್ಕೆ ಸರಿಯಾಗಿರುತ್ತದೆ. 1894ರಲ್ಲಿ ಜರ್ಮನಿಯ ಝೈಸ್ ಕಂಪನಿ ಇದನ್ನೇ ಎರಡು ಕಣ್ಣಿಗೆ ಜೋಡಿಸಿ ಮಾರಾಟಕ್ಕಿಟ್ಟಿತು. "ನೋಡಿ, ಈ ಉಬ್ಬಿದ ಭುಜದೊಳಗೆ ಇರುವುದೇ ಆ ಪ್ರಿಸಮ್ಮು" ಎಂದು ತಟ್ಟಿ ತೋರಿಸಿದೆ.

ಅಮ್ಮ ಎಲೆಯಡಿಕೆ ನಿಲ್ಲಿಸಿ ಕೇಳಿದರು: "ಹಾಗಾದ್ರೆ ಅಷ್ಟು ವರ್ಷ ಜನ ಎಲ್ಲವನ್ನೂ ತಲೆಕೆಳಗಾಗಿಯೇ ನೋಡಿದ್ದಾ ಮಗಾ?"

"ಆಕಾಶ ನೋಡುವವರಿಗೆ ತೊಂದರೆ ಇರಲಿಲ್ಲ ಅಮ್ಮ. ನಕ್ಷತ್ರಕ್ಕೆ ತಲೆ ಯಾವುದು, ಬುಡ ಯಾವುದು?"

"ಹೌದಾ? ನಿನ್ನ ಜಾತಕ ಬರೆದವನೂ ಅದ್ರಲ್ಲೇ ನೋಡಿರ್ಬೇಕು."

ಸಭೆ ಅಲ್ಲಿಗೆ ಬರಖಾಸ್ತಾಯಿತು.

ಬೆಳಿಗ್ಗೆ ಬಾಲ್ಕನಿಗೆ ಹೋದೆ. ನಮ್ಮ ಬಾಲ್ಕನಿಯಿಂದ ಗಾಳಿ ಚೊಕ್ಕವಾಗಿರುವ ದಿನ ದೂರದಲ್ಲಿ ಮಲಂಗಗಡ ಕಾಣುತ್ತದೆ. ಬೈನಾಕ್ಯುಲರ್ ಏರಿಸಿದೆ. ಸಿನಿಮಾದಲ್ಲಿ ವಿಲನ್ ನೋಡುವಾಗ ಕಾಣುತ್ತದಲ್ಲ, ಅಡ್ಡ ಮಲಗಿಸಿದ ಎಂಟು, ಸಾಕ್ಷಾತ್ ಅದೇ ಕಂಡಿತು. ಸಂತೋಷದಿಂದ ಕೂಗಿ ಹೇಳಿದೆ. ಮಗಳು ಬಂದು, "ಪಪ್ಪಾ, ಹಾಗೆ ಕಂಡ್ರೆ ತಪ್ಪು ಹಿಡಿದಿದ್ದೀರಿ ಅಂತ ಅರ್ಥ. ಎರಡೂ ಸೇರಿ ಒಂದೇ ವೃತ್ತ ಕಾಣ್ಬೇಕು" ಎಂದು ನಡುವಿನ ಕೀಲನ್ನು ಮಡಚಿ ಕೊಟ್ಟಳು. ಎರಡು ಪಾಪೆಗಳ ನಡುವಿನ ಅಂತರ ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್, ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಸರಿಯಾಗಿ ಕೊಳವೆಗಳನ್ನು ಹತ್ತಿರ, ದೂರ ಮಾಡಬೇಕು. ಸಿನಿಮಾದವರು ಇಷ್ಟು ವರ್ಷ ನಮಗೆ ಮೋಸ ಮಾಡಿದ್ದಾರೆಂದು ಅವತ್ತೇ ತಿಳಿದದ್ದು.

ಆಮೇಲಿನದು ಉಂಗುರದ ಶಾಸ್ತ್ರ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಚೊಕ್ಕ ಮಾಡಿಕೊಳ್ಳಬೇಕು. ಬಳಿಕ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರವನ್ನು ಮಾತ್ರ ತಿರುಗಿಸಿ ಬಲಗಣ್ಣಿಗೆ ಚೊಕ್ಕ ಮಾಡಬೇಕು. ಎರಡು ಕಣ್ಣಿನ ಪವರಿನ ವ್ಯತ್ಯಾಸವನ್ನು ಆ ಉಂಗುರ ನುಂಗಿಕೊಳ್ಳುತ್ತದೆ. ಒಮ್ಮೆ ಕೂರಿಸಿದರೆ ಮತ್ತೆ ಮುಟ್ಟುವ ಅಗತ್ಯವೇ ಇಲ್ಲ. ಎಡಗಡೆ ಮಲಂಗಗಡ ಕಲ್ಲು ಕಲ್ಲಾಗಿ ಎದ್ದು ಬಂತು. ಬಲಗಡೆ ಎಷ್ಟು ತಿರುಗಿಸಿದರೂ ಮಂಜು. "ಯಾರೋ ಉಂಗುರ ತಿರುಗಿಸಿದ್ದಾರೆ!" ಎಂದು ಗುಡುಗಿದೆ. ಮನೆಯಲ್ಲಿ ಏನು ಕೆಟ್ಟರೂ ಗಂಡಸಿನ ಬಾಯಿಂದ ಮೊದಲು ಬರುವ ವಾಕ್ಯ 'ಯಾರೋ' ಎಂದೇ ಶುರುವಾಗುವುದು ಪ್ರಕೃತಿ ನಿಯಮ.

ಆದರೆ ನಾನು ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನಗೂ ಮಲಂಗಗಡಕ್ಕೂ ನಡುವೆ ಬಿ ವಿಂಗ್ ಇದೆ. ಎದುರು ಬಾಲ್ಕನಿಯ ಕಾಕೂ ಬಟ್ಟೆ ಒಣಹಾಕುತ್ತಾ, ನನ್ನ ನಾಲ್ಕು ಗಾಜುಗಳನ್ನು ನೋಡಿ, "ಕಾಯ್ ಬಘತಾಯ್ ಭಾವೋಜಿ?" ಅಂದರು. ಏನು ನೋಡ್ತಿದ್ದೀರಿ ಭಾವ, ಎಂದು. ಸ್ವರದಲ್ಲಿ ಭಾವೋಜಿ ಇತ್ತು, ಕಣ್ಣಲ್ಲಿ ಇರಲಿಲ್ಲ. "ಡೋಂಗರ್, ಡೋಂಗರ್" ಎಂದು ಬೆಟ್ಟದ ಕಡೆ ಕೈ ತೋರಿಸಿದೆ. ಆ ಕ್ಷಣಕ್ಕೆ ಸರಿಯಾಗಿ ಮಲಂಗಗಡ ಹೊಗೆಯಲ್ಲಿ ಮಾಯವಾಗಿತ್ತು. ಹತ್ತು ಗಂಟೆಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯವರ ಸಂದೇಶ: ಕೆಲವು ಸದಸ್ಯರು ಇತರರ ಖಾಸಗಿತನವನ್ನು ಗೌರವಿಸಬೇಕು. ಹೆಸರಿರಲಿಲ್ಲ, ಜೊತೆಗೆ ಎರಡು ಕಣ್ಣಿನ ಚಿತ್ರವಿತ್ತು.

ಇವಳು ಸೆರಗು ಸಿಕ್ಕಿಸಿ, ಬೈನಾಕ್ಯುಲರನ್ನು ಕೈಗೆತ್ತಿಕೊಂಡು ನೇರ ಬಿ ವಿಂಗಿಗೆ ಹೋಗಿ ಕಾಕೂ ಕೈಗೇ ಕೊಟ್ಟು ಬಂದಳು. ಪ್ರಕರಣ ಮುಗಿಯಿತು. ಬೈನಾಕ್ಯುಲರ್ ವಾಪಸ್ ಬಂದದ್ದು ಎರಡು ದಿನ ಬಿಟ್ಟು, ಜೊತೆಗೆ ಒಂದು ಡಬ್ಬಿ ಥಾಲಿಪೀಠ.

ಅಲ್ಲಿಂದ ಅದು ಸಾರ್ವಜನಿಕ ಆಸ್ತಿ. ಇವಳು ಅದರಲ್ಲಿ ಕೆಳಗಿನ ಭಾಜಿವಾಲಾನ ತಕ್ಕಡಿ ನೋಡುತ್ತಾಳೆ. ಮುಳ್ಳು ನಿಲ್ಲುವ ಮೊದಲೇ ಮೇಲಿನಿಂದ ಕೂಗುತ್ತಾಳೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಅಮ್ಮ, ದೇವಸ್ಥಾನದ ಮೆಟ್ಟಿಲ ಮೇಲೆ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆಂದು ವರದಿ ಕೊಡುತ್ತಾರೆ. ಮಗ ಮೈದಾನದ ಕ್ರಿಕೆಟ್ಟಿಗೆ ಥರ್ಡ್ ಅಂಪೈರ್. ನೀರಿಲ್ಲದ ದಿನ ವಾಚ್‌ಮನ್ ಟೆರೇಸಿಗೆ ಹೋಗಿ, ಟ್ಯಾಂಕರ್ ಎಲ್ಲಿ ಸಿಕ್ಕಿಬಿದ್ದಿದೆ ಎಂದು ನೋಡುತ್ತಾನೆ. ಪ್ರತಿಯೊಬ್ಬರೂ ಕೀಲು ಮಡಚುತ್ತಾರೆ, ಉಂಗುರ ತಿರುಗಿಸುತ್ತಾರೆ, "ಎಷ್ಟು ಚೆಂದ ಕಾಣ್ತದೆ!" ಅನ್ನುತ್ತಾರೆ. ಕೊನೆಗೆ ನನ್ನ ಕೈಗೆ ಬರುವಾಗ ಬಲಗಡೆ ಮಂಜು. ದುಡ್ಡು ಕೊಟ್ಟವನು ಒಬ್ಬ, ನೋಡುವವರು ಮಿಕ್ಕವರೆಲ್ಲ.

ಉಪಾಯ ಮಾಡಿದೆ. ಮಗಳ ನೇಲ್ ಪಾಲಿಶ್ ಕದ್ದು, ನನ್ನ ಉಂಗುರ ನಿಲ್ಲಬೇಕಾದ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟೆ. "ಇದು ನನ್ನದು. ನೋಡಿಯಾದ ಮೇಲೆ ಇಲ್ಲಿಗೇ ತಂದು ನಿಲ್ಲಿಸಿ." ಉಪಾಯ ಎಲ್ಲರಿಗೂ ಹಿಡಿಸಿತು. ಮರುದಿನ ನೋಡಿದರೆ ಉಂಗುರದ ಸುತ್ತ ಗುಲಾಬಿ, ನೇರಳೆ, ಬಿಳಿ, ಅಮ್ಮನ ಕುಂಕುಮ. ಕೆಂಪು ಯಾವುದು, ಕುಂಕುಮ ಯಾವುದು ಎಂದು ತಿಳಿಯಲು ಓದುವ ಕನ್ನಡಕ ಹಾಕಬೇಕಾಯಿತು. ಆದರೂ ಕೆಂಪಿನಲ್ಲಿ ನಿಲ್ಲಿಸಿದರೆ ಮಂಜು. ಕುಂಕುಮದಲ್ಲಿ ನಿಲ್ಲಿಸಿದರೂ ಮಂಜು.

ಮನೆಯಲ್ಲಿ ಸೋತವನು ಖಾಡಿಯಲ್ಲಾದರೂ ಗೆಲ್ಲೋಣವೆಂದು ಇವಳನ್ನೂ ಕರೆದುಕೊಂಡು ಐರೋಲಿಗೆ ಹೊರಟೆ. ಅಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ನೀರಿನ ಭರತ–ಇಳಿತ ನೋಡಿಕೊಂಡು ದೋಣಿ ಬಿಡುತ್ತಾರೆ. ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದೆವು. ತಲೆಗೆ ಅಗಲ ಅಂಚಿನ ಟೋಪಿ, ಮೈಗೆ ಜೇಬು ತುಂಬಿದ ಜಾಕೆಟ್, ಕೊರಳಲ್ಲಿ ಬೈನಾಕ್ಯುಲರ್. ಪಕ್ಕದಲ್ಲಿ ನಿಂತವರೊಬ್ಬರು ಟಿ.ಸಿ. ಎಂದು ತಿಳಿದು ಪಾಸ್ ತೆಗೆದು ತೋರಿಸಿದರು. ಗಾಂಭೀರ್ಯದಿಂದ ನೋಡಿ ವಾಪಸ್ ಕೊಟ್ಟೆ.

ದೋಣಿ ಕಾಂಡ್ಲಾ ಗಿಡಗಳ ನಡುವಿನಿಂದ ಹೊರಬಿದ್ದದ್ದೇ ತಡ, ಎಲ್ಲರೂ "ಅಗೋ!" ಅಂದರು. ಕೆಸರಿನ ಬಯಲಿನ ಮೇಲೆ ಉದ್ದಕ್ಕೂ ಗುಲಾಬಿ. ನಾನು ಟೋಪಿ ಹಿಂದೆ ಸರಿಸಿ, ಕಾಲು ಅಗಲಿಸಿ ನಿಂತು ಬೈನಾಕ್ಯುಲರ್ ಏರಿಸಿದೆ. ದೋಣಿ ಒಂದು ಅಲುಗಿದರೆ ಗಾಜಿನೊಳಗೆ ಎಂಟು ಅಲುಗಿತು. ಆಕಾಶ, ನೀರು, ಮುಂದೆ ಕೂತವರ ಬೋಳು ತಲೆ, ಮತ್ತೆ ಆಕಾಶ. ಬಲಗಡೆ ಎಂದಿನ ಮಂಜು. "ಒಟ್ಟು ಬಿಳಿ ಹಕ್ಕಿಗಳು ಹೆಚ್ಚು" ಎಂದು ತಜ್ಞನ ಧ್ವನಿಯಲ್ಲಿ ಹೇಳಿದೆ. ಗೈಡ್ ಹುಡುಗ ನಾನು ತಿರುಗಿದ ದಿಕ್ಕು ನೋಡಿ, ಅದು ಕೊಕ್ಕರೆ ಎಂದು ಮೆಲ್ಲಗೆ ತಿಳಿಸಿದ.

ಇವಳು ನನ್ನ ಕೊರಳಿಂದ ಪಟ್ಟಿಯನ್ನು ಎಳೆದುಕೊಂಡಳು. ನನ್ನ ಟೋಪಿಯೂ ಜೊತೆಗೆ ಹೋಯಿತು. ಮೊಣಕೈಗಳನ್ನು ದೋಣಿಯ ಅಂಚಿಗೆ ಊರಿ, ಎರಡು ಕ್ಷಣ ಚಕ್ರ ತಿರುಗಿಸಿ, "ಅಯ್ಯೋ ದೇವರೇ" ಅಂದಳು. "ಮಾರಾಯ್ರೆ, ಕಣ್ಣು ಕಾಣ್ತದೆ! ಚಿಕ್ಕದಕ್ಕೆ ಕೊಕ್ಕು ಕಡು ಕೆಂಪು, ಮೈ ಬಣ್ಣವೂ ಜಾಸ್ತಿ. ದೊಡ್ಡದಕ್ಕೆ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಮುಂದೆ ಒಂದು, ಅದರ ಹಿಂದೆ ಒಂದು, ಮತ್ತೂ ಹಿಂದೆ ಒಂದು. ಕೈ ಚಾಚಿದ್ರೆ ನಡುವೆ ಹೋಗಿ ನಿಲ್ಬಹುದು." ಗೈಡ್ ಹುಡುಗ ಖುಷಿಯಾಗಿ, ಎರಡು ಜಾತಿಗಳ ಗುರುತು ಹೇಳುವುದು ಇದರಿಂದಲೇ ಎಂದ. ಅವು ತಲೆಯನ್ನು ಬುಡಮೇಲು ಮಾಡಿ ಕೊಕ್ಕಿನಲ್ಲೇ ನೀರು ಸೋಸಿ ತಿನ್ನುತ್ತವೆ, ತಿನ್ನುವ ಪಾಚಿಯ ಬಣ್ಣವೇ ರೆಕ್ಕೆಗೆ ಬರುತ್ತದೆ ಎಂದೂ ಹೇಳಿದ. "ತಿಂದದ್ದು ಮೈಗೆ ಹತ್ತುವುದು ನಮ್ಮ ಮನೆಯಲ್ಲೂ ಉಂಟು" ಎಂದು ಇವಳು ಬೈನಾಕ್ಯುಲರನ್ನು ಒಂದು ಗಳಿಗೆ ನನ್ನ ಹೊಟ್ಟೆಯ ಕಡೆ ತಿರುಗಿಸಿದಳು. ದೋಣಿ ಪೂರ್ತಿ ನಕ್ಕಿತು.

ಗಾಜಿನಲ್ಲೇ ದೋಷ ಎಂದು ಮರುದಿನ ಅಂಗಡಿಗೆ ಒಯ್ದೆ. ಅವರು ಎದುರಿನ ಬಿಲ್ಡಿಂಗಿನ ಬೋರ್ಡು ನೋಡಿದರು, ತಿರುಗಿಸಿದರು, ಮತ್ತೆ ನೋಡಿದರು. ಎರಡು ಕೊಳವೆಗಳು ಕೂದಲೆಳೆಯಷ್ಟು ವಾರೆಯಾದರೂ ತಲೆನೋವು ಬರುತ್ತದೆ, ಇದರಲ್ಲಿ ಅದೂ ಇಲ್ಲ ಅಂದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸೇಠ್, ಹಿಂದಿನ ಗಾಜೂ ಸರಿ ಇದೆ, ಮುಂದಿನ ಗಾಜೂ ಸರಿ ಇದೆ. ಅದಕ್ಕೂ ಹಿಂದಿರುವುದನ್ನು ತೋರಿಸಿ" ಅಂದರು.

ಥಾಣೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆಯಲ್ಲಿ ನನ್ನ ಪದ್ಧತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಸರದಿ ಬರುವ ಮೊದಲೇ ಎರಡೂ ಕಣ್ಣು ಬಿಟ್ಟು ಬೋರ್ಡನ್ನು ಬಾಯಿಪಾಠ ಮಾಡುವುದು. ಆಮೇಲೆ ಅವರು ಯಾವ ಕಣ್ಣು ಮುಚ್ಚಿದರೂ ಗಡಗಡ ಒಪ್ಪಿಸುವುದು. ಪರೀಕ್ಷೆ ಎಂದ ಮೇಲೆ ಓದಿಕೊಂಡು ಹೋಗಬೇಕೆಂದು ನಮ್ಮ ಮಾಸ್ತರು ಹೇಳಿಕೊಟ್ಟಿದ್ದರು. ಈ ಸಲವೂ ಕೂತಲ್ಲೇ ತಯಾರಿ ಮಾಡಿದ್ದೆ. ಡಾಕ್ಟರು ನನ್ನ ಎಡಗಣ್ಣು ಮುಚ್ಚಿ, ಕೈಯಲ್ಲಿದ್ದ ರಿಮೋಟ್ ಒತ್ತಿದರು. ಬೋರ್ಡಿನ ಅಕ್ಷರಗಳೆಲ್ಲ ಬದಲಾದವು! ಕಂಪ್ಯೂಟರ್ ಬೋರ್ಡಂತೆ. ಸಿಲೆಬಸ್ಸಿನ ಹೊರಗಿನ ಪ್ರಶ್ನೆ. ಮೇಲಿನ ದೊಡ್ಡ ಅಕ್ಷರ ಬಿಟ್ಟರೆ ಕೆಳಗಿನದೆಲ್ಲ ಇರುವೆ ಸಾಲು.

ಅಷ್ಟಕ್ಕೆ ಬಿಡಲಿಲ್ಲ. ಕಪ್ಪು ಕನ್ನಡಕವೊಂದನ್ನು ತೊಡಿಸಿ, ಅಂಗೈಗಿಂತ ದೊಡ್ಡ ನೊಣದ ಚಿತ್ರವೊಂದನ್ನು ಮುಂದಿಟ್ಟು, "ರೆಕ್ಕೆ ಹಿಡೀರಿ" ಅಂದರು. ಬೆರಳಿನಿಂದ ಒತ್ತಿದೆ, ಕಾಗದ ಸಿಕ್ಕಿತು. "ಹಿಡಿದೆ" ಅಂದೆ. ಡಾಕ್ಟರು ಮಾತಾಡಲಿಲ್ಲ. ಇವಳು, "ನಾನೊಮ್ಮೆ ನೋಡ್ಲಾ?" ಎಂದು ಕನ್ನಡಕ ಹಾಕಿಕೊಂಡು ಬಗ್ಗಿದವಳು "ಇಶ್ಶೀ!" ಎಂದು ಕುರ್ಚಿ ಸಮೇತ ಹಿಂದೆ ಹಾರಿದಳು. ಮತ್ತೆ ಧೈರ್ಯ ಮಾಡಿ, ಕಾಗದದಿಂದ ಎರಡು ಬೆರಳು ಮೇಲೆ, ಬರೀ ಗಾಳಿಯಲ್ಲಿ, ಇಲ್ಲದ ರೆಕ್ಕೆಯನ್ನು ಚಿವುಟಿದಳು. "ಕರೆಕ್ಟ್" ಅಂದರು ಡಾಕ್ಟರು. ಇಲ್ಲದ್ದನ್ನು ಹಿಡಿದವಳು ಪಾಸು, ಇದ್ದದ್ದನ್ನು ಮುಟ್ಟಿದವನು ಫೇಲು!

ಕಾರಣವನ್ನು ಸಾವಧಾನವಾಗಿ ಹೇಳಿದರು. ಎರಡು ಕಣ್ಣುಗಳು ಎರಡು ಕಡೆ ಇರುವುದರಿಂದ ಒಂದೇ ವಸ್ತುವಿನ ಎರಡು ಬೇರೆ ಬೇರೆ ಚಿತ್ರ ಹೋಗುತ್ತವೆ. ಆ ಸಣ್ಣ ವ್ಯತ್ಯಾಸದಿಂದಲೇ ಮೆದುಳು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ. 1838ರಲ್ಲಿ ಇಂಗ್ಲೆಂಡಿನ ವೀಟ್‌ಸ್ಟೋನ್ ಎಂಬ ವಿಜ್ಞಾನಿ, ಎರಡು ಚಪ್ಪಟೆ ಚಿತ್ರಗಳನ್ನು ಎರಡು ಕಣ್ಣಿಗೆ ಬೇರೆ ಬೇರೆಯಾಗಿ ತೋರಿಸಿ ಅವು ಸೇರಿ ಉಬ್ಬಿ ನಿಲ್ಲುವುದನ್ನು ಜಗತ್ತಿಗೆ ತಿಳಿಸಿದ. ನೊಣದ ಹಾಳೆಯೂ ಅದೇ ತಂತ್ರ. ನನ್ನ ವಿಷಯದಲ್ಲಿ, ಚಿಕ್ಕಂದಿನಿಂದಲೇ ಬಲಗಣ್ಣು ಕಳಿಸಿದ ಚಿತ್ರ ಮಸುಕಾಗಿದ್ದರಿಂದ ಮೆದುಳು ಅದನ್ನು ಓದುವುದನ್ನೇ ಬಿಟ್ಟಿದೆ. ಏಳೆಂಟು ವರ್ಷದೊಳಗೆ ಗೊತ್ತಾಗಿದ್ದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇದನ್ನು ದುಡಿಸಬಹುದಿತ್ತು. "ಇದಕ್ಕೆ ಲೇಜಿ ಐ ಅಂತಾರೆ. ಸೋಮಾರಿ ಕಣ್ಣು."

ಇವಳು ಮುಂದೆ ಬಗ್ಗಿ, ಬಹಳ ವಿನಯದಿಂದ ಕೇಳಿದಳು: "ಒಂದು ಕಣ್ಣು ಮಾತ್ರವಾ ಡಾಕ್ಟ್ರೇ?"

ಬರುವಾಗ ಟ್ರೇನಿನಲ್ಲಿ ನನ್ನ ಹುರುಪು ಮರಳಿತು. ಎಂಥ ಸಮರ್ಥನೆ ಸಿಕ್ಕಿದೆ! ಬಿಲ್ಡಿಂಗಿನ ಕ್ರಿಕೆಟ್ಟಿನಲ್ಲಿ ಬಿಟ್ಟ ಕ್ಯಾಚುಗಳು, ಲೋಟದ ಪಕ್ಕಕ್ಕೆ ಸುರಿದ ಕಾಫಿ, ಪಾರ್ಕಿಂಗ್ ಕಂಬಕ್ಕೆ ಒರೆಸಿದ ಸ್ಕೂಟರ್, ಎಲ್ಲವೂ ವೈದ್ಯಕೀಯ. ಒಂದೊಂದಾಗಿ ವಿವರಿಸಿದೆ. ಇವಳು ಕಲ್ವಾದಿಂದ ಮುಂಬ್ರಾದವರೆಗೆ ತಲೆಯಾಡಿಸಿ ಕೇಳಿ, "ಒದ್ದೆ ಟವೆಲ್ ಹಾಸಿಗೆ ಮೇಲೆ ಬೀಳುವುದು ಎಡಗಣ್ಣಿನದ್ದಾ, ಬಲಗಣ್ಣಿನದ್ದಾ?" ಅಂದಳು. ದಿವಾ ಬಂತು. ಮಾತು ನಿಂತಿತು.

ಮನೆಯಲ್ಲಿ ತೀರ್ಪು ಹೊರಬಿದ್ದಿದೆ. ಒಂದು ಕಣ್ಣಿನವರಿಗೆ ಎರಡು ಕೊಳವೆ ದುಂದು. ಬೈನಾಕ್ಯುಲರ್ ಇವಳ ಹೆಸರಿಗೆ, ಅದರ ಚೀಲ ಹೊರುವ ಕೆಲಸ ನನ್ನ ಹೆಸರಿಗೆ. ಉಂಗುರದ ಮೇಲಿನ ಕೆಂಪು ಚುಕ್ಕಿಯನ್ನು ಮಗಳು ರಿಮೂವರ್ ಹಾಕಿ ಒರೆಸಿದ್ದಾಳೆ. ಕುಂಕುಮ ಹಾಗೇ ಇದೆ. "ಅರ್ಧ ದುಡ್ಡು ವಾಪಸ್ ಕೊಡ್ತಾರಾ ಕೇಳಿ ನೋಡು ಮಗಾ" ಎಂದು ಅಮ್ಮ ದಿನಕ್ಕೊಮ್ಮೆ ನೆನಪಿಸುತ್ತಾರೆ. ಯಾವ ಅರ್ಧ ಎಂದು ಇವಳು ಕೇಳುತ್ತ, ಬಿಲ್ಲು ಹುಡುಕುತ್ತಿದ್ದಾಳೆ.

ಆದ್ದರಿಂದ ಸ್ನೇಹಿತರೇ, ಬೋರಾ ಬಜಾರಿಗೆ ಹೋಗುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನ ಮುಂದೆ ನಿಂತು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ತಿಥಿ ಓದಿ. ಎರಡೂ ಕಣ್ಣಿಗೆ ಒಂದೇ ತಿಥಿ ಕಂಡರೆ ಅಡ್ಡಿಯಿಲ್ಲ. ಒಂದಕ್ಕೆ ಏಕಾದಶಿ, ಇನ್ನೊಂದಕ್ಕೆ ಬರೀ ಮಂಜು ಕಂಡರೆ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ಇದನ್ನು ಮಾಡಿಸಿ. ಅವರಿಗಿನ್ನೂ ಕಾಲ ಮಿಂಚಿಲ್ಲ. ಹಾಂ, ಓದುವ ಮೊದಲು ಪುಟ ತಿರುಗಿಸಿಕೊಳ್ಳಿ. ಈ ತಿಂಗಳದ್ದು ನಿಮಗೆ ಬಾಯಿಪಾಠ ಆಗಿರುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯ, ಹೆಂಡತಿ ತವರಿಗೆ ಹೋದ ದಿನವೇ ಇದನ್ನು ಮಾಡಿ.